ಘಾಟಿ ಇಳಿದು ಮಲ್ಪೆಗೆ: ಒಂದೇ ದಿನದಲ್ಲಿ ಕಡಲು ನೋಡಿ ಬರುವ ಬಗೆ

ನಮ್ಮ ಮನೆಯಲ್ಲಿ ಕಡಲಿಗೆ ಹೋಗುವ ಮಾತು ಶುರುವಾಗುವುದು ಕಾಫಿ ಕೊಯ್ಲಿನ ಕೊನೇ ವಾರದಲ್ಲಿ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಕೈ ಸ್ವಲ್ಪ ಬಿಡುವಾಗಿರುತ್ತದೆ, ಮಕ್ಕಳು ಹಿಂದೆ ಬೀಳುತ್ತಾರೆ. ಚಿಕ್ಕಮಗಳೂರಿನಿಂದ ಮಲ್ಪೆ ಅಂಥ ದೂರವೇನಲ್ಲ. ಯಾವ ದಾರಿ ಹಿಡಿದರೂ ಸುಮಾರು 160ರಿಂದ 180 ಕಿಲೋಮೀಟರ್. ಆದರೆ ನಡುವೆ ಘಾಟಿ ಇದೆಯಲ್ಲ, ಅದು ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ ತಿಂದುಬಿಡುತ್ತದೆ. ಹಾಗಾಗಿ ಎಲ್ಲಿಗೆ ಹೋಗುವುದು ಅನ್ನುವುದಕ್ಕಿಂತ ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಅದೊಂದು ಸರಿ ಹೋದರೆ ದಿನ ಚೆನ್ನಾಗಿ ಕಳೆಯುತ್ತದೆ.

ಯಾವ ತಿಂಗಳು?

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ತೋಟದವರಿಗೆ ಡಿಸೆಂಬರ್, ಜನವರಿ ಆಗಿಬರುವುದಿಲ್ಲ. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಸಿಗುವ ಎರಡು ಮೂರು ವಾರವೇ ನಮಗೆ ಸರಿ. ಮಾರ್ಚ್ ನಂತರ ಕರಾವಳಿಯ ಸೆಕೆ ನಮ್ಮಂಥವರಿಗೆ ಕಷ್ಟ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಹಾಸನವೂ ಹತ್ತಿರ ಹತ್ತಿರ ಅಷ್ಟೇ ಎತ್ತರ. ಅಷ್ಟೂ ಎತ್ತರವನ್ನು ಒಂದೇ ಬೆಳಗ್ಗೆ ಇಳಿಯುತ್ತೀರಿ. ಘಾಟಿಯ ಅರ್ಧದಲ್ಲಿ ಕಿವಿ ಕಟ್ಟುತ್ತದೆ, ಕೆಳಗೆ ಮುಟ್ಟಿದ ಹತ್ತೇ ನಿಮಿಷಕ್ಕೆ ಸ್ವೆಟರ್ ಬಿಚ್ಚಿ ಸೀಟಿನ ಕೆಳಗೆ ತುರುಕುತ್ತೀರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ ಅನ್ನುವುದಿಲ್ಲ. ಮಳೆಗಾಲದ ಕಡಲನ್ನು ದೂರದಿಂದ ನೋಡುವುದೇ ಒಂದು ಸೊಗಸು. ಆದರೆ ನೀರಿಗೆ ಇಳಿಯುವ ಮಾತೇ ಬೇಡ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಆಗ ಬಂದರಿನಲ್ಲಿ ದೋಣಿಗಳು ಸಾಲುಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ. ಘಾಟಿಯಲ್ಲಿ ಗುಡ್ಡ ಕುಸಿಯುವ ಕಾಲವೂ ಅದೇ.

ದಾರಿ

ಚಿಕ್ಕಮಗಳೂರಿನವರಿಗೆ ಮೂರು ದಾರಿ. ನಾನು ಜಾಸ್ತಿ ಹೋಗುವುದು ಚಾರ್ಮಾಡಿಯಲ್ಲಿ. ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ನಾರಾವಿ, ಬಜಗೋಳಿ, ಕಾರ್ಕಳ, ಉಡುಪಿ. ಎರಡನೆಯದು ಬಾಳೆಹೊನ್ನೂರು, ಕಳಸ, ಕುದುರೆಮುಖದ ಮೇಲೆ ಹೋಗಿ ಬಜಗೋಳಿಯಲ್ಲಿ ಇಳಿಯುವುದು. ಮೂರರಲ್ಲಿ ಚೆಂದದ ದಾರಿ ಅದೇ. ಆದರೆ ಅದು ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ, ರಾತ್ರಿ ಗೇಟು ಹಾಕುತ್ತಾರೆ, ನಡುವೆ ಗಾಡಿ ನಿಲ್ಲಿಸಿ ಕೂರುವಂತಿಲ್ಲ. ಹೋಗುವಾಗ ಆ ದಾರಿ, ಬರುವಾಗ ಚಾರ್ಮಾಡಿ ಅಂತ ಇಟ್ಟುಕೊಳ್ಳಬಹುದು. ಮೂರನೆಯದು ಶೃಂಗೇರಿ ಕಡೆಯಿಂದ ಆಗುಂಬೆ, ಹೆಬ್ರಿ. ಅಲ್ಲಿ 14 ಹೇರ್‌ಪಿನ್ ತಿರುವು. ಶೃಂಗೇರಿ, ಕೊಪ್ಪದವರಿಗೆ ಅದೇ ಹತ್ತಿರ.

ಹಾಸನದವರ ಲೆಕ್ಕ ಬೇರೆ. ಸಕಲೇಶಪುರ, ದೋಣಿಗಾಲ್, ಶಿರಾಡಿ ಇಳಿದು ಮಂಗಳೂರು ಮುಟ್ಟುವುದಕ್ಕೇ ಸುಮಾರು 170 ಕಿಲೋಮೀಟರ್. ಅಲ್ಲಿಂದ ಮತ್ತೆ ಉಡುಪಿಗೆ ಹೋದರೆ ಇಡೀ ದಿನ ಗಾಡಿಯಲ್ಲೇ ಕಳೆಯುತ್ತದೆ. ನೀವು ಮಂಗಳೂರಿನ ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ. ಉಳ್ಳಾಲದ ಸೋಮೇಶ್ವರ ದೇವಸ್ಥಾನದ ಮೇಲಿನಿಂದ ಕಡಲು ನೋಡುವುದು ಬಹಳ ಚೆನ್ನ, ಆದರೆ ಅಲ್ಲಿ ಬಂಡೆಗಳ ನಡುವೆ ನೀರಿಗೆ ಇಳಿಯಬೇಡಿ. ಈ ಲೇಖನದಲ್ಲಿ ನೀರು, ಊಟ, ಬಟ್ಟೆಬರೆ ಬಗ್ಗೆ ಹೇಳುವುದೆಲ್ಲ ನಿಮಗೂ ಹೊಂದುತ್ತದೆ.

ಬಸ್ಸಿನಲ್ಲೂ ಹೋಗಬಹುದು. ಉಡುಪಿ ಬಸ್ ನಿಲ್ದಾಣದಿಂದ ಮಲ್ಪೆಗೆ ಆರೇ ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ಆದರೆ ಹೋಗಿ ಬರುವುದೆರಡೂ ಬಸ್ಸಿನಲ್ಲಾದರೆ ಒಂದು ದಿನ ಸಾಲುವುದಿಲ್ಲ. ಒಂದು ರಾತ್ರಿ ಉಡುಪಿಯಲ್ಲಿ ಉಳಿಯಿರಿ.

ಹಿಂದಿನ ರಾತ್ರಿ ಕಟ್ಟಿಕೊಳ್ಳಬೇಕಾದದ್ದು

ಹತ್ತಿಯ ತೆಳು ಬಟ್ಟೆ ಎರಡೆರಡು ಜೊತೆ. ಜೀನ್ಸ್ ಬೇಡ. ನೆನೆದರೆ ಕಲ್ಲಿನ ಹಾಗೆ ಭಾರ, ಉಪ್ಪುನೀರಿಗೆ ತೊಡೆ ಉಜ್ಜಿ ಉರಿಯುತ್ತದೆ. ಹೆಂಗಸರು ಸೀರೆ ಉಟ್ಟು ನೀರಿಗೆ ಇಳಿಯುವುದು ನಿಜಕ್ಕೂ ಅಪಾಯ. ಅಲೆ ಹಿಂದೆ ಸರಿಯುವಾಗ ಒದ್ದೆ ಸೆರಗು, ನೆರಿಗೆ ಎಲ್ಲ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಮ್ಮ, ಅತ್ತೆ ಸೀರೆಯೇ ಸರಿ ಅಂದರೆ ಪಾದ ನೆನೆಯುವಷ್ಟು ನೀರಿನಲ್ಲಿ ಕೈ ಹಿಡಿದು ನಿಲ್ಲಿಸಿ.

ಚಿನ್ನ ಮನೆಯಲ್ಲೇ ಇರಲಿ. ನಮ್ಮ ಅತ್ತಿಗೆಯ ಕಾಲ್ಗೆಜ್ಜೆ ಒಂದು ಮೊಣಕಾಲಷ್ಟೂ ಇಲ್ಲದ ನೀರಿನಲ್ಲಿ ಹೋಯಿತು. ಅರ್ಧ ಗಂಟೆ ಎಲ್ಲರೂ ಮರಳು ಕೆದಕಿದೆವು. ಪ್ರತಿ ಅಲೆಯೂ ಮರಳನ್ನು ಮಗುಚಿ ಹಾಕುತ್ತಲೇ ಇತ್ತು, ಬಿದ್ದ ಜಾಗ ಯಾವುದೆಂದೇ ಗೊತ್ತಾಗಲಿಲ್ಲ.

ಮತ್ತೆ: ಮಕ್ಕಳ ಪೌಡರ್ ಒಂದು ಡಬ್ಬಿ. ಮೈಗೆ ಮೆತ್ತಿದ ಒದ್ದೆ ಮರಳು ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದರ ಮೇಲೆ ಪೌಡರ್ ಉದುರಿಸಿ ಒಣ ಟವೆಲಿನಲ್ಲಿ ತಟ್ಟಿದರೆ ತಾನಾಗಿ ಉದುರುತ್ತದೆ. ಐದು ಲೀಟರಿನ ಒಂದು ಕ್ಯಾನ್‌ನಲ್ಲಿ ಮನೆಯ ನೀರು ಡಿಕ್ಕಿಯಲ್ಲಿರಲಿ, ಕಾಲು ತೊಳೆಯಲು ಬೇಕಾಗುತ್ತದೆ. ತಿರುವಿನಲ್ಲಿ ವಾಂತಿಯಾಗುವವರಿಗೆ ಶುಂಠಿ, ನಿಂಬೆಹಣ್ಣು, ನಾಲ್ಕೈದು ಪ್ಲಾಸ್ಟಿಕ್ ಚೀಲ. ಅಂಥವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೊರಡುವ ಮೊದಲು ಹೊಟ್ಟೆ ತುಂಬಾ ತಿನ್ನಿಸಬೇಡಿ.

ಹೊರಡುವುದು

ಬೆಳಗ್ಗೆ ನಾಲ್ಕೂವರೆಗೆ ಗಾಡಿ ಗೇಟು ದಾಟಬೇಕು. ಹಾಗೆ ಹೊರಟರೆ ಕೊಟ್ಟಿಗೆಹಾರಕ್ಕೆ ಬರುವಾಗ ಆರು ಗಂಟೆ, ಬೆಳಕು ಹರಿಯುತ್ತಿರುತ್ತದೆ. ಘಾಟಿಯನ್ನು ಬೆಳಕಿನಲ್ಲೇ ಇಳಿದಂತಾಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ನಮ್ಮಲ್ಲಿ ರೂಢಿಯಿಲ್ಲ. ವಾಂತಿಯವರಿಗೆ ಮಾತ್ರ ಒಂದೇ ಒಂದು. ಘಾಟಿಯಲ್ಲಿ ಮಂಜು ಇಳಿದಿದ್ದರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ. ಎರಡನೇ ಗೇರಿನಲ್ಲಿ ಇಳಿಯಿರಿ, ಗಾಡಿಯ ವೇಗವನ್ನು ಎಂಜಿನ್ನೇ ಹಿಡಿಯುತ್ತದೆ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಕೈ ಮುಗಿದು ಹೋಗುವವರು ಬಹಳ, ನಾವೂ ಹಾಗೆಯೇ.

ಕಾರ್ಕಳ ಬರುವ ಹೊತ್ತಿಗೆ ಎಂಟೂವರೆ. ಬಂಡೆಯ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಇದೆ. ನೋಡುವ ಆಸೆಯಾಗುತ್ತದೆ, ಅಲ್ವಾ? ಆದರೆ ಇವತ್ತು ಬೇಡ. ಕಾರ್ಕಳಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನೋಡುತ್ತಾ ಹೋದವರು ಮಲ್ಪೆ ಮುಟ್ಟುವಾಗ ನಡುಮಧ್ಯಾಹ್ನ ಆಗಿರುತ್ತದೆ, ಮರಳು ಕಾದ ಹೆಂಚಿನ ಹಾಗಿರುತ್ತದೆ.

ಮೊದಲು ದ್ವೀಪ

ಒಂಬತ್ತೂವರೆಗೆ ಮಲ್ಪೆಯಲ್ಲಿದ್ದರೆ ನೇರ ದೋಣಿ ಕಟ್ಟೆಗೆ ಹೋಗಿ. ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ಹೊತ್ತೇ ಸರಿ, ಬಿಸಿಲು ಕಡಿಮೆ, ಜನ ಕಡಿಮೆ. ದಡದಿಂದ ಸುಮಾರು ಆರು ಕಿಲೋಮೀಟರ್, ಅರ್ಧ ಗಂಟೆ ಪ್ರಯಾಣ. ಹತ್ತುವ ಮೊದಲೇ ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಕೇಳಿಟ್ಟುಕೊಳ್ಳಿ. ಲೈಫ್ ಜಾಕೆಟ್ ಕೊಟ್ಟರೆ ಸುಮ್ನೆ ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಡಿ, ಹಾಕಿಕೊಂಡು ಪಟ್ಟಿ ಬಿಗಿ ಮಾಡಿ.

ದ್ವೀಪದಲ್ಲಿ ಕಲ್ಲುಗಳನ್ನು ನಿಧಾನ ನೋಡಿ. ಬೇಲೂರು ಹಳೇಬೀಡು ನೋಡಿ ಬೆಳೆದ ನಮ್ಮ ಕಣ್ಣಿಗೆ ಯಾರೋ ಉಳಿ ಹಿಡಿದು ಕಡೆದು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಯಾವ ಶಿಲ್ಪಿಯೂ ಮುಟ್ಟಿದ್ದಲ್ಲ ಅದು. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟುಹೋಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿದ್ದು. ಬೇಸಿಗೆಯಲ್ಲಿ ಕೆರೆ ಅಂಗಳ ಒಣಗಿದಾಗ ಕೆಸರು ಚೌಕ ಚೌಕವಾಗಿ ಬಿರಿಯುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಅಲ್ಲಿ ಬಿರುಕು ಆಳಕ್ಕೆ ಇಳಿದು ಕಂಬವಾಯಿತು. ನಮ್ಮ ಮಗನಿಗೆ ಹೀಗೆ ಹೇಳಿದ್ದೇ ತಡ, ಪ್ರತಿ ಕಂಬದ ಮೂಲೆ ಎಣಿಸುತ್ತಾ ಹೋದ. ಏಳು ಮೂಲೆಯದೊಂದು ಸಿಕ್ಕಿತು ಅಂತ ಊರಿಗೆ ಬಂದ ಮೇಲೂ ಹೇಳುತ್ತಿದ್ದ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದಿದ್ದ ಎಂಬ ಮಾತೂ ಇದೆ.

ದ್ವೀಪದ ಅಂಚಿನಲ್ಲಿ ಬಹಳ ಕಡೆ ಮರಳಿಗಿಂತ ಚಿಪ್ಪೇ ಜಾಸ್ತಿ. ಬರಿಗಾಲಲ್ಲಿ ನಡೆದರೆ ಕೊಯ್ಯುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಸೆಲ್ಫಿಗೆ ಹತ್ತಬೇಡಿ. ಅಲ್ಲಿ ನೀರಿಗೆ ಇಳಿಯುವುದೂ ಬೇಡ, ಕಲ್ಲಿನ ಮಗ್ಗುಲಲ್ಲೇ ಆಳ. ತಿಂದ ಪೊಟ್ಟಣ, ಕುಡಿದ ಬಾಟಲಿ ನಿಮ್ಮ ಜೊತೆಯೇ ದೋಣಿ ಹತ್ತಿ ವಾಪಸ್ ಬರಲಿ.

ಮಧ್ಯಾಹ್ನ ಕಡಲು ಬಿಡಿ

ಹನ್ನೆರಡರಿಂದ ಮೂರೂವರೆವರೆಗೆ ಬೀಚಿನಲ್ಲಿ ನಿಲ್ಲಬೇಡಿ. ಊಟ ಮಾಡಿ. ಮೀನು ತಿನ್ನುವವರಿಗೆ ಮಲ್ಪೆಯಲ್ಲಿ ಕೇಳಬೇಕೇ? ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಎಲ್ಲವೂ ಅಲ್ಲೇ ಬಂದರಿಗೆ ಬಂದು ಬೀಳುತ್ತವೆ. ದುಡ್ಡು ಹಿಡಿತದಲ್ಲಿರಬೇಕಾದರೆ ಬಂಗುಡೆ ತವಾ ಫ್ರೈ ಸಾಕು. ಅಂಜಲ್, ಕಾಣೆ ದುಬಾರಿ, ಹೇಳುವ ಮೊದಲು ಒಂದಕ್ಕೆ ಎಷ್ಟು ಅಂತ ಕೇಳಿ. ಊಟಕ್ಕೆ ಕುಚ್ಚಲಕ್ಕಿಯೋ ಬೆಳ್ತಿಗೆಯೋ ಅಂತ ಕೇಳುತ್ತಾರೆ. ಬೆಳ್ತಿಗೆ ಅಂದರೆ ನಮ್ಮ ಬಿಳಿ ಅನ್ನ. ಬಂದಿದ್ದೀರಿ, ಒಂದು ಸಲ ಕುಚ್ಚಲಕ್ಕಿ ಊಟ ಮಾಡಿ, ಮೀನಿನ ಗಸಿಗೆ ಅದೇ ಸೈ. ಇನ್ನೊಂದು ಮಾತು: ಅಲ್ಲಿ ಬೊಂಡ ಅಂದರೆ ಎಳನೀರು. ಎಣ್ಣೆ ತಿಂಡಿ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ, ಅದಕ್ಕೆ ಗೋಳಿಬಜೆ ಅಂತ ಕೇಳಿ.

ಮೀನು ಬೇಡದವರು ಉಡುಪಿಗೆ ಹೋಗಿ ಕೃಷ್ಣ ಮಠದಲ್ಲಿ ದರ್ಶನ ಮಾಡಿ ಅಲ್ಲೇ ಪ್ರಸಾದದ ಊಟ ಮಾಡಬಹುದು. ಒಂಬತ್ತು ರಂಧ್ರದ ನವಗ್ರಹ ಕಿಂಡಿಯಿಂದ ಕೃಷ್ಣನನ್ನು ನೋಡುವುದು, ಹೊರಗೆ ಕನಕನ ಕಿಂಡಿ, ರಥಬೀದಿಯ ಸುತ್ತ ಎಂಟು ಮಠ. ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಹೊರಗೆ ಬಂದು ಒಂದು ಗಡ್‌ಬಡ್ ಐಸ್‌ಕ್ರೀಮ್ ತಿನ್ನಿ.

ಈ ಹೊತ್ತಿನಲ್ಲಿ ಗಾಡಿ ಓಡಿಸುವವರು ಮಲಗಬೇಕು. ಇದನ್ನು ಸಲಹೆ ಅಂತ ಅಲ್ಲ, ಷರತ್ತು ಅಂತಲೇ ಹೇಳುತ್ತೇನೆ. ನಾಲ್ಕು ಗಂಟೆಗೆ ಎದ್ದವರು ರಾತ್ರಿ ಒಂಬತ್ತಕ್ಕೆ ಚಾರ್ಮಾಡಿ ಹತ್ತಬೇಕಾಗುತ್ತದೆ. ಮನೆಯವರೆಲ್ಲ ಮಠಕ್ಕೆ ಹೋಗಲಿ, ಅವರೊಬ್ಬರು ನೆರಳಲ್ಲಿ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಸೀಟು ಹಿಂದಕ್ಕೆ ಚಾಚಿ ಒಂದೂವರೆ ಗಂಟೆ ಮಲಗಲಿ.

ನೀರಿಗೆ ಇಳಿಯುವ ಮೊದಲು

ಸಂಜೆ ನಾಲ್ಕಕ್ಕೆ ಮತ್ತೆ ಬೀಚಿಗೆ ಬನ್ನಿ. ಅಷ್ಟರಲ್ಲಿ ಕಡಲ ಗಾಳಿ ಚೆನ್ನಾಗಿ ಬೀಸುತ್ತಿರುತ್ತದೆ. ಹಗಲೆಲ್ಲ ನೆಲ ಬೇಗ ಕಾದು, ಮೇಲೆದ್ದ ಬಿಸಿ ಗಾಳಿಯ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಬೀಚು ಆಗ ಜಾತ್ರೆಯ ಹಾಗೆ: ಚುರುಮುರಿ ಗಾಡಿ, ಒಂಟೆ, ಗಾಳಿಪಟ, ಬಲೂನು, ದೋಣಿಯವರ ಕೂಗು.

ನಮ್ಮ ಕಡೆಯವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಒಮ್ಮೆ ನಾವು ನೀರಿಗೆ ಇಳಿಯುವಾಗ ಲೈಫ್‌ಗಾರ್ಡ್ ಒಬ್ಬರು ಯಾವ ಊರು ಅಂತ ಕೇಳಿದರು. ಚಿಕ್ಕಮಗಳೂರು ಅಂದೆ. ಈಜು ಬರುತ್ತದಾ ಅಂದರು. ನಮ್ಮ ಭಾವ, "ಭದ್ರಾ ಹೊಳೆಯಲ್ಲಿ ಈಜಿ ಬೆಳೆದವರು ನಾವು" ಅಂದರು. ಅವರು ನಗಲಿಲ್ಲ. "ಈಜು ಬಾರದವರು ದಡದಲ್ಲೇ ಇರ್ತಾರೆ. ಹೊಳೆಯಲ್ಲಿ ಈಜಿದವರದ್ದೇ ನಮಗೆ ಹೆದರಿಕೆ ಮಾರಾಯ್ರೇ" ಅಂದರು.

ಹೊಳೆ ಒಂದು ಕಡೆಗೆ ಹರಿಯುತ್ತದೆ, ಅದರ ಸೆಳೆತ ಕಣ್ಣಿಗೆ ಕಾಣುತ್ತದೆ. ಕಡಲು ಹಾಗಲ್ಲ. ಮೊಣಕಾಲು ನೀರಿನಲ್ಲಿ ಒಮ್ಮೆ ಸುಮ್ಮನೆ ನಿಂತು ನೋಡಿ. ಅಲೆ ಬಂದು ಒಡೆದು ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಕಚಗುಳಿ ಇಟ್ಟ ಹಾಗೆ ಜಾರುತ್ತದೆ. ಎರಡು ಅಲೆಗೆ ಪಾದ ಹೂತುಹೋಗಿರುತ್ತದೆ, ಮೂರನೆಯದಕ್ಕೆ ಮೈ ಹಿಂದಕ್ಕೆ ವಾಲುತ್ತದೆ. ಮಗುವೊಂದು ಬೀಳುವುದು ಇದೇ ಕ್ಷಣದಲ್ಲಿ. ಮಕ್ಕಳ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಒದ್ದೆ ಬೆರಳು ಜಾರುತ್ತದೆ.

ಇನ್ನೊಂದು, ಒಳಕ್ಕೆ ಎಳೆಯುವ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಮತ್ತೆ ಕಡಲಿಗೆ ಹೋಗಲೇಬೇಕಲ್ಲ? ಅದು ಕೆಲವು ಕಡೆ ಕಿರಿದಾದ ಕಾಲುವೆಯಂತೆ ದಾರಿ ಮಾಡಿಕೊಂಡು ಜೋರಾಗಿ ಒಳಗೆ ಹರಿಯುತ್ತದೆ. ಅದನ್ನು ಗುರುತಿಸುವುದು ಹೇಗೆ? ಎರಡೂ ಪಕ್ಕ ಅಲೆ ಬಿಳಿಯಾಗಿ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಸಪ್ಪಗೆ, ಶಾಂತವಾಗಿ, ಕೆಲವು ಸಲ ಕೆಂಪು ಮರಳು ಕದಡಿದ ಹಾಗೆ ಕಾಣುತ್ತದೆ. ಗೊತ್ತಿಲ್ಲದವರು ಅಲ್ಲೇ ಅಲೆ ಕಡಿಮೆ ಅಂತ ಹೋಗಿ ಇಳಿಯುತ್ತಾರೆ. ಅಲ್ಲಿಗೆ ಹೋಗಬೇಡಿ. ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆಗೇ ಈಜಲು ಹೋಗಿ ಸುಸ್ತಾಗಬೇಡಿ. ಎದುರು ಈಜಿ ಯಾರಿಂದಲೂ ಆಗುವುದಿಲ್ಲ. ಮಲಗಿ ತೇಲಿ, ಕೈ ಎತ್ತಿ ಕೂಗಿ, ಸಾಧ್ಯವಾದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಆ ಪಟ್ಟಿ ಅಗಲವಿರುವುದಿಲ್ಲ. ಅದರಿಂದ ಹೊರಗೆ ಬಂದರೆ ಅಲೆಗಳೇ ದಡದ ಕಡೆ ತಳ್ಳುತ್ತವೆ. ಬೇರೆಯವರು ಸಿಕ್ಕಿಕೊಂಡರೆ ನೀವು ಹಾರಬೇಡಿ. ಲೈಫ್‌ಗಾರ್ಡ್‌ನ ಕರೆಯಿರಿ, 112ಕ್ಕೆ ಫೋನ್ ಮಾಡಿ, ತೇಲುವಂಥದ್ದು ಏನಾದರೂ ಎಸೆಯಿರಿ.

ಕೆಂಪು ಬಾವುಟ ಇದ್ದ ಕಡೆ ಇಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಬೇಸರ ಮಾಡಿಕೊಳ್ಳದೆ ಹಿಂದೆ ಬನ್ನಿ. ಸೊಂಟದ ಮೇಲೆ ನೀರು ಬೇಡ. ಕುಡಿದವರನ್ನು ನೀರಿಗೆ ಬಿಡಲೇಬೇಡಿ, ಅವರು ಎಷ್ಟೇ ಹತ್ತಿರದವರಾಗಿರಲಿ.

ಉಬ್ಬರ ಇಳಿತದ ಬಗ್ಗೆ ಸ್ವಲ್ಪ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಒಂದೊಂದಕ್ಕೂ ಸುಮಾರು ಆರು ಗಂಟೆ. ಹೊತ್ತು ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಬ್ಯಾಗು, ಚಪ್ಪಲಿ ಎಲ್ಲಿಡಬೇಕು ಅನ್ನುವುದಕ್ಕೆ ಮರಳು ನೋಡಿ. ಕಸಕಡ್ಡಿ, ಚಿಪ್ಪು ಗೆರೆ ಎಳೆದ ಹಾಗೆ ಬಿದ್ದಿರುತ್ತದಲ್ಲ, ನೀರು ಅಲ್ಲಿವರೆಗೂ ಬಂದಿತ್ತು ಅಂತ ಅರ್ಥ. ಅದಕ್ಕಿಂತ ಮೇಲೆ ಒಣ ಮರಳಿನಲ್ಲಿ ಇಡಿ, ಒಬ್ಬರು ಅಲ್ಲೇ ಕೂತಿರಲಿ. ನಮ್ಮ ಮೂರು ಜೊತೆ ಚಪ್ಪಲಿ ಒಂದು ಸಲ ಹಾಗೇ ತೇಲಿಹೋಗಿವೆ.

ಸೂರ್ಯ ಮುಳುಗುವುದು

ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಕೂಡಲೇ, ಮೇ ತಿಂಗಳಲ್ಲಿ ಆರೂಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಐದಕ್ಕೇ ನೀರಿನಿಂದ ಎದ್ದು ಸಿಹಿನೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸಿಬಿಡಿ. ದುಡ್ಡು ಕೊಟ್ಟರೆ ಸ್ನಾನದ ಕೋಣೆ ಸಿಗುತ್ತದೆ, ಮುಳುಗುವ ಹೊತ್ತಿಗೆ ಅಲ್ಲಿ ದೊಡ್ಡ ಸಾಲು. ಒಣಗಿದ ಬಟ್ಟೆಯಲ್ಲಿ ಕೂತು, ಚುರುಮುರಿ ಹಿಡಿದುಕೊಂಡು ನೋಡುವುದರ ಸುಖವೇ ಬೇರೆ. ಮುಳ್ಳಯ್ಯನಗಿರಿಯಲ್ಲಿ ನಾವು ಬೆಟ್ಟದ ಸಾಲಿನ ಹಿಂದೆ ಹೋಗುವ ಸೂರ್ಯನನ್ನು ನೋಡಿದವರು. ಇಲ್ಲಿ ನೀರಿಗೆ ತಾಗಿದ ಮೇಲೆ ಅವನ ತಳ ಸ್ವಲ್ಪ ಚಪ್ಪಟೆಯಾಗುತ್ತದೆ, ಕೊನೆಗೆ ಒಂದು ಕೆಂಪು ಗೆರೆ, ಅದೂ ಇಲ್ಲ. ನಮ್ಮ ಅಮ್ಮ ಅರವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಇದನ್ನು ನೋಡಿದರು. ಮುಳುಗಿದ ಮೇಲೂ ಹತ್ತು ನಿಮಿಷ ಏಳಲಿಲ್ಲ, ನಾವೂ ಕರೆಯಲಿಲ್ಲ.

ಜನ ಕಡಿಮೆ ಇರುವ ಜಾಗ ಬೇಕಾದರೆ ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿಲೋಮೀಟರ್ ಇರುವ ಕಾಪುವಿಗೆ ಹೋಗಿ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಕಾಪುವಿನ ಕಡಲು ಮಲ್ಪೆಗಿಂತ ಒರಟು, ನೋಡುವುದಕ್ಕಷ್ಟೇ ಸರಿ.

ಚಿಕ್ಕ ಮಕ್ಕಳಿದ್ದರೆ, ಓಡಿಸುವವರು ಒಬ್ಬರೇ ಇದ್ದರೆ, ಮಳೆ ಮೋಡ ಇದ್ದರೆ ಸೂರ್ಯಾಸ್ತಕ್ಕೆ ಕಾಯಬೇಡಿ. ಹಾಗಿದ್ದಾಗ ಮಧ್ಯಾಹ್ನದ ಮಠ ಬಿಟ್ಟು, ದ್ವೀಪದಿಂದ ಬಂದ ಕೂಡಲೇ ಒಂದು ಗಂಟೆ ನೀರಾಟ ಮುಗಿಸಿ ಎರಡಕ್ಕೆಲ್ಲ ಹೊರಟುಬಿಡಿ. ಬೆಳಕಿನಲ್ಲೇ ಘಾಟಿ ಹತ್ತಬಹುದು.

ವಾಪಸ್

ಮೀನು ಒಯ್ಯುವವರು ಥರ್ಮಾಕೋಲ್ ಡಬ್ಬಿ ಮನೆಯಿಂದಲೇ ತನ್ನಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಕುಳಿ ತಕ್ಷಣ ಮೇಲೆ ಬರಬೇಕು. ಮಾರುವ ಅಕ್ಕಂದಿರನ್ನು ನೀವು, ತಾವು ಅಂತ ಮಾತಾಡಿಸಿ. ಆ ಕಡೆ ಸಣ್ಣವರಿಗೂ ಮರ್ಯಾದೆ ಕೊಟ್ಟೇ ಮಾತಾಡುವುದು ರೂಢಿ. ಮೀನಿನ ಮೇಲೂ ಕೆಳಗೂ ಐಸ್ ಹಾಕಿಸಿ ಡಿಕ್ಕಿಯಲ್ಲಿಡಿ.

ಆರೂವರೆಗೆ ಹೊರಟರೆ ಉಜಿರೆಗೆ ಒಂಬತ್ತರ ಒಳಗೆ ಬರುತ್ತೀರಿ. ಅಲ್ಲಿ ನಿಲ್ಲಿಸಿ, ಲಘುವಾಗಿ ಊಟ ಮಾಡಿ. ಓಡಿಸುವವರು ಮುಖ ತೊಳೆದು ಕಾಫಿ ಕುಡಿಯಲಿ. ಪೆಟ್ರೋಲ್ ಹಾಕಿಸುವುದೂ ಇಲ್ಲೇ. ಘಾಟಿ ಹತ್ತುವ ಮೊದಲು ಸ್ವೆಟರ್ ಹೊರಗೆ ತೆಗೆದಿಡಿ. ಮಳೆಗಾಲದಲ್ಲಿ ರಾತ್ರಿ ಸಂಚಾರ ನಿಲ್ಲಿಸಿರುವ ದಿನಗಳಿರುತ್ತವೆ, ಹಾಗಾಗಿ ಬೆಳಗ್ಗೆ ಇಳಿಯುವಾಗಲೇ ಚೆಕ್‌ಪೋಸ್ಟಿನಲ್ಲಿ ಕೇಳಿಕೊಂಡಿರಿ. ಏರುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವುದಿಲ್ಲ, ತಿರುವಿನಲ್ಲಿ ಹಾರ್ನ್ ಮಾಡಿ, ನಿಧಾನ ಹೋಗಿ.

ಮನೆಗೆ ಬರುವಾಗ ಹನ್ನೊಂದಾಗಿರುತ್ತದೆ. ಎಷ್ಟೇ ಸುಸ್ತಾಗಿದ್ದರೂ ಎರಡು ಕೆಲಸ ಆವತ್ತೇ ಮುಗಿಸಿ. ಉಪ್ಪುನೀರಿನ ಬಟ್ಟೆಯನ್ನು ಬಕೆಟ್ಟಿನಲ್ಲಿ ಬರೀ ನೀರಿಗೆ ನೆನೆಹಾಕಿ. ನೇರ ಮೆಷಿನ್ನಿಗೆ ಹಾಕಿದರೆ ಜೇಬಿನ ಮರಳೆಲ್ಲ ಅದರೊಳಗೆ ಹೋಗುತ್ತದೆ. ಬಂಗುಡೆಯ ಹೊಟ್ಟೆ ತೆಗೆದು ತೊಳೆದು, ಉಪ್ಪು ಅರಿಶಿನ ಸವರಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಗಾಡಿಯ ಅಡಿಭಾಗ ತೊಳೆಯುವುದನ್ನು ಬೆಳಗ್ಗೆ ನೋಡಿಕೊಳ್ಳಬಹುದು.